ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಗಡಿಯಾರ ಸರಿಯಾಗಲಿ

ಸಂಪಾದಕರಿಗೆ ನಮಸ್ಕಾರ,

ಕಂಪ್ಯೂಟರ್ ಆನ್ ಮಾಡಿದ ಕೂಡಲೇ, ಬೇರೆ ಯಾವ ಪ್ರೋಗ್ರಾಂ ಶುರುವಾಗುವ ಮುಂಚೆ, ಅದರ ಗಡಿಯಾರ ನೆಟ್‌ವರ್ಕ್ ಮೂಲಕ ಸರಿಯಾಗಬೇಕು. ನಾನು ಹೇಳಲು ಹೊರಟಿರುವುದು ಇಷ್ಟೇ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಉದ್ದದ ಪತ್ರ ಬೇಕಾ ಎಂದು ಕೇಳಬಹುದು. ಬೇಕು. ಯಾಕೆಂದರೆ ನಮ್ಮ ಉಡುಪಿ, ಮಂಗಳೂರು ಕಡೆಯ ಅಂಗಡಿ, ಸೊಸೈಟಿ, ಶಾಲೆ, ಕ್ಲಿನಿಕ್‌ಗಳಲ್ಲಿ ಈ ಒಂದು ಸಂಗತಿಯನ್ನು ಯಾರೂ ಗಮನಿಸುವುದಿಲ್ಲ, ಅದರಿಂದ ಆಗುವ ತೊಂದರೆಯನ್ನು ಮಾತ್ರ ಎಲ್ಲರೂ ಅನುಭವಿಸುತ್ತಾರೆ. ನಾನು ಉಡುಪಿಯಲ್ಲಿ ಕಂಪ್ಯೂಟರ್ ರಿಪೇರಿ, ನೆಟ್‌ವರ್ಕ್ ಮತ್ತು ಸಿಸಿ ಕ್ಯಾಮೆರಾ ಕೆಲಸ ಮಾಡುವವನು. ಮಳೆಗಾಲ ಹತ್ತಿರ ಬಂತು, ಶಾಲೆಗಳೂ ಶುರುವಾಗುತ್ತವೆ. ಹೇಳುವುದಾದರೆ ಈಗಲೇ ಹೇಳಬೇಕು.

ಮಳೆಗಾಲಕ್ಕೂ ಕಂಪ್ಯೂಟರ್ ಗಡಿಯಾರಕ್ಕೂ ಏನು ಸಂಬಂಧ? ಇದೆ. ಮದರ್‌ಬೋರ್ಡ್ ಮೇಲೆ ನಾಣ್ಯದಂತಹ ಒಂದು ಬ್ಯಾಟರಿ ಇರುತ್ತದೆ, ಸಿಆರ್2032 ಅಂತ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಕಂಪ್ಯೂಟರ್ ಆಫ್ ಇದ್ದಾಗ ಒಳಗಿನ ಗಡಿಯಾರವನ್ನು ಓಡಿಸುವುದು ಇದೇ. ಆದರೆ ಡೆಸ್ಕ್‌ಟಾಪ್‌ನ ಪ್ಲಗ್ ಹಾಕಿ ಗೋಡೆಯ ಸ್ವಿಚ್ ಆನ್ ಇದ್ದರೆ, ಕಂಪ್ಯೂಟರ್ ಆಫ್ ಇದ್ದಾಗಲೂ ಒಳಗೆ ಸ್ವಲ್ಪ ಕರೆಂಟ್ ಬರುತ್ತಿರುತ್ತದೆ, ಗಡಿಯಾರ ಅದರಿಂದಲೇ ಓಡುತ್ತದೆ, ಬ್ಯಾಟರಿ ಉಳಿಯುತ್ತದೆ. ನಮ್ಮಲ್ಲಿ ಹಾಗೆ ಬಿಡುವುದಿಲ್ಲ. ಗುಡುಗು ಕೇಳಿಸಿದರೆ ಸಾಕು, ಎಲ್ಲ ಪ್ಲಗ್ ಕಿತ್ತು ಬದಿಗಿಡುತ್ತೇವೆ. ಅದು ಸರಿಯೇ, ಸಿಡಿಲಿನಲ್ಲಿ ಮದರ್‌ಬೋರ್ಡ್ ಸುಟ್ಟದ್ದನ್ನು ನಾನು ಎಷ್ಟೋ ನೋಡಿದ್ದೇನೆ, ಪ್ಲಗ್ ತೆಗೆಯಬೇಡಿ ಎಂದು ಖಂಡಿತ ಹೇಳುವುದಿಲ್ಲ. ಆದರೆ ಆ ಹೊತ್ತೆಲ್ಲ ಗಡಿಯಾರದ ಭಾರ ಬೀಳುವುದು ಆ ಸಣ್ಣ ಬ್ಯಾಟರಿಯ ಮೇಲೆ. ಶಾಲೆಯ ಲ್ಯಾಬ್‌ಗಳಲ್ಲಂತೂ ಏಪ್ರಿಲ್, ಮೇ ಪೂರ್ತಿ ಮೇನ್ ಸ್ವಿಚ್ಚೇ ಆಫ್. ಜೊತೆಗೆ ಸಮುದ್ರದ ಕಡೆಯ ಉಪ್ಪು ಗಾಳಿ, ತೇವ. ಮಲ್ಪೆ, ಕಾಪು, ಉಳ್ಳಾಲದ ಕಡೆಯ ಕಂಪ್ಯೂಟರ್ ಬಿಚ್ಚಿದರೆ ಬ್ಯಾಟರಿ ಕೂರುವ ಜಾಗದಲ್ಲೇ ತುಕ್ಕು ಕಾಣಿಸುತ್ತದೆ.

ಬ್ಯಾಟರಿ ಸತ್ತ ಮೇಲೆ ಕಂಪ್ಯೂಟರ್ ಆನ್ ಮಾಡಿದರೆ ಅದು ತಾನು ಹುಟ್ಟಿದ ಕಾಲಕ್ಕೆ ಹೋಗಿಬಿಡುತ್ತದೆ. ಬೋರ್ಡ್ ತಯಾರಾದ ವರ್ಷದ ಜನವರಿ 1ನೇ ತಾರೀಕು ತೋರಿಸುವುದು ಮಾಮೂಲು. ಕೆಲವು ಅಗ್ಗದ ಟಿವಿ ಬಾಕ್ಸ್‌ಗಳಲ್ಲಿ, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್‌ನ 4ರ ತನಕದ ಬೋರ್ಡ್‌ಗಳಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. ಅಂಥವು ಎಲ್ಲಿಂದಲೂ ಟೈಮ್ ಸಿಗದಿದ್ದರೆ 1970ರ ಜನವರಿ 1ಕ್ಕೆ ಹೋಗುತ್ತವೆ. ನಮ್ಮ ಲೆಕ್ಕದಲ್ಲಿ ಆ ದಿನ ಬೆಳಿಗ್ಗೆ 5.30.

ಬ್ಯಾಟರಿ ಚೆನ್ನಾಗಿದ್ದರೂ ಪೂರ್ತಿ ನಂಬುವ ಹಾಗಿಲ್ಲ. ಒಳಗಿನ ಗಡಿಯಾರ ನಡೆಯುವುದು ಸೆಕೆಂಡಿಗೆ 32,768 ಸಲ ಕಂಪಿಸುವ ಒಂದು ಕ್ವಾರ್ಟ್ಜ್ ಹರಳಿನಿಂದ. ಹತ್ತು ಲಕ್ಷಕ್ಕೆ 20ರಷ್ಟು ತಪ್ಪು ಇಂಥ ಹರಳಿಗೆ ಸಾಮಾನ್ಯ. ಕೇಳಲು ಏನೂ ಅನಿಸುವುದಿಲ್ಲ, ಲೆಕ್ಕ ಹಾಕಿ ನೋಡಿ: ದಿನಕ್ಕೆ ಸುಮಾರು 1.7 ಸೆಕೆಂಡ್, ತಿಂಗಳಿಗೆ 50 ಸೆಕೆಂಡ್, ವರ್ಷಕ್ಕೆ 10 ನಿಮಿಷ. ಸೆಕೆ, ಚಳಿಗೆ ತಕ್ಕಂತೆ ಇದೂ ಬದಲಾಗುತ್ತದೆ.

‘ಗಡಿಯಾರ ತಪ್ಪಾದರೆ ಏನಾಯಿತು, ಮೊಬೈಲ್ ನೋಡಿ ಸರಿ ಮಾಡಿದರಾಯಿತು’ ಎನ್ನುವವರು ಜಾಸ್ತಿ. ಏನಾಗುತ್ತದೆ ಎಂದು ಹೇಳುತ್ತೇನೆ. ಕಾರ್ಕಳ ಕಡೆಯ ಒಂದು ಹಾಲಿನ ಸೊಸೈಟಿ, ಹೆಸರು ಬೇಡ. ರಾತ್ರಿ ಕರೆಂಟ್ ಹೋಗಿ ಬಂದಿತ್ತು, ಬೆಳಿಗ್ಗೆ ಕಂಪ್ಯೂಟರ್ ಹಳೆಯ ವರ್ಷ ತೋರಿಸಿತು. ಹಾಲು ಹಿಡಿದುಕೊಂಡು ಜನ ಕಾಯುತ್ತಿದ್ದಾರೆ. ಅಲ್ಲಿನ ಹುಡುಗಿ ಗಡಿಬಿಡಿಯಲ್ಲಿ ತಾರೀಕು ಹೊಡೆದಳು, ಜೂನ್ 7 ಎಂದು 7/6. ಆ ವಿಂಡೋಸ್ ಅಮೆರಿಕದ ಸೆಟ್ಟಿಂಗ್‌ನಲ್ಲಿತ್ತು, ತಿಂಗಳು ಮೊದಲು, ದಿನ ಆಮೇಲೆ. ಹಾಗಾಗಿ ಅದು ಜುಲೈ 6 ಆಯಿತು. ಆ ಬೆಳಗಿನ ಹಾಲೆಲ್ಲ ಇನ್ನೂ ಬಾರದ ತಿಂಗಳಿನ ಲೆಕ್ಕಕ್ಕೆ ಹೋಯಿತು, ಸದಸ್ಯರ ಪಾವತಿಯಲ್ಲಿ ಒಂದು ಹೊತ್ತು ಕಾಣೆ. ಜುಲೈಯಲ್ಲಿ ನಿಜವಾಗಿ ಆ ದಿನ ಬಂದಾಗ ಒಂದೇ ಬೆಳಿಗ್ಗೆಗೆ ಎರಡು ಲೆಕ್ಕ. ಹುಡುಗಿಯದ್ದು ಇದರಲ್ಲಿ ಒಂದು ಚೂರೂ ತಪ್ಪಿಲ್ಲ, ಬೆಳಿಗ್ಗೆ ಆರು ಗಂಟೆಗೆ ಕೈಯಿಂದ ತಾರೀಕು ಹೊಡೆಯುವ ಕೆಲಸ ಅವಳ ಮೇಲೆ ಬೀಳಲೇಬಾರದಿತ್ತು. ಪಶುಗಳನ್ನು ಸಾಕಿ ಹಾಲು ಹಾಕುವವರ ದುಡ್ಡು ಅದು, ಅಲ್ವಾ?

ಅಲ್ಲಿ ಇಂಟರ್ನೆಟ್ ಇರಲಿಲ್ಲವೇ? ಇತ್ತು. ಫೈಬರ್ ಕನೆಕ್ಷನ್ನೇ ಇತ್ತು. ‘ಆಟೋಮ್ಯಾಟಿಕ್ ಟೈಮ್’ ಕೂಡ ಆನ್ ಇತ್ತು. ಆದರೂ ಸರಿಯಾಗಲಿಲ್ಲ. ಯಾಕೆ ಎಂಬುದೇ ಈ ಪತ್ರದ ಮುಖ್ಯ ವಿಷಯ.

ಕರೆಂಟ್ ಬಂದ ಕೂಡಲೇ ಕಂಪ್ಯೂಟರ್, ರೂಟರ್, ಫೈಬರ್ ಬಾಕ್ಸ್ ಎಲ್ಲ ಒಟ್ಟಿಗೆ ಏಳುತ್ತವೆ. ಈಗಿನ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿದ ಕಂಪ್ಯೂಟರ್ ಅರ್ಧ ನಿಮಿಷದೊಳಗೆ ರೆಡಿ. ಫೈಬರ್ ಬಾಕ್ಸ್ ಲೈನ್ ಹಿಡಿದು, ರೂಟರ್ ಲಾಗಿನ್ ಆಗಿ, ಇಂಟರ್ನೆಟ್ ಬರಲು ಎರಡು ಮೂರು ನಿಮಿಷ ಬೇಕಾಗುತ್ತದೆ. ಕಂಪ್ಯೂಟರ್ ಟೈಮ್ ಕೇಳುವಾಗ ಉತ್ತರ ಕೊಡುವವರು ಇಲ್ಲ. ಅದು ಕೇಳಿ ಸುಮ್ಮನಾಗುತ್ತದೆ. ದೊಡ್ಡ ಆಫೀಸಿನ ಒಂದೇ ಜಾಲಕ್ಕೆ (ಡೊಮೇನ್) ಸೇರದ ವಿಂಡೋಸ್‌ನಲ್ಲಿ ಈ ಟೈಮ್ ಸೇವೆ ‘ಮ್ಯಾನ್ಯುವಲ್’ ಎಂದೇ ಇರುತ್ತದೆ, ಅಂದರೆ ಯಾವಾಗಲೂ ಓಡುತ್ತಿರುವುದಿಲ್ಲ, ಹಳೆಯ ವಿಂಡೋಸ್ ವಾರಕ್ಕೊಮ್ಮೆ ಮಾತ್ರ ಟೈಮ್ ಕೇಳುತ್ತಿತ್ತು. ಇಷ್ಟರೊಳಗೆ ಬಿಲ್ಲಿಂಗ್ ಪ್ರೋಗ್ರಾಂ ತಪ್ಪು ತಾರೀಕಿನಲ್ಲೇ ಬರೆಯಲು ಶುರು ಮಾಡಿ ಆಗಿರುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಸಾಮಾನ್ಯ ವಿಂಡೋಸ್ ಕಂಪ್ಯೂಟರ್‌ಗೆ ನೆಟ್‌ವರ್ಕ್‌ನಿಂದ ಬಂದ ಟೈಮ್ ತನ್ನ ಟೈಮ್‌ಗಿಂತ 15 ಗಂಟೆಗೂ ಹೆಚ್ಚು ಆಚೀಚೆ ಇದ್ದರೆ ಅದನ್ನು ಒಪ್ಪಿಕೊಳ್ಳುವುದೇ ಇಲ್ಲ. ಸೆಟ್ಟಿಂಗ್ ಒಳಗೆ 54,000 ಸೆಕೆಂಡ್ ಎಂದು ಬರೆದಿಟ್ಟಿರುತ್ತಾರೆ. ಯಾರೋ ಹೊರಗಿನವರು ತಪ್ಪು ಟೈಮ್ ಕಳಿಸಿ ಕಂಪ್ಯೂಟರ್ ದಾರಿ ತಪ್ಪಿಸಬಾರದು ಎಂಬ ಜಾಗ್ರತೆ ಅದು. ವಿಂಡೋಸ್ ಬದಲು ಕೆಲವರು ಬಳಸುವ ಲಿನಕ್ಸ್ ಕಡೆ ಟೈಮ್ ಸರಿಮಾಡುವ ಹಳೆಯ ಎನ್‌ಟಿಪಿಡಿ ಪ್ರೋಗ್ರಾಂ ಇನ್ನೂ ಬಿಗಿ: 1,000 ಸೆಕೆಂಡ್, ಅಂದರೆ 16 ನಿಮಿಷ 40 ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಅದು ಕೆಲಸವನ್ನೇ ನಿಲ್ಲಿಸುತ್ತದೆ. ಶುರುವಿನಲ್ಲಿ ಒಂದು ಸಲ ಎಷ್ಟು ದೊಡ್ಡ ವ್ಯತ್ಯಾಸ ಇದ್ದರೂ ಒಪ್ಪಿಕೋ ಎಂದು ನಾವೇ ಅದಕ್ಕೆ ಹೇಳಿಕೊಡಬೇಕು. ಈಗ ಬ್ಯಾಟರಿ ಸತ್ತ ಕಂಪ್ಯೂಟರ್ ನೆನಪಿಸಿಕೊಳ್ಳಿ. ವರ್ಷಗಟ್ಟಲೆ ಹಿಂದೆ ಹೋಗಿದೆ. ಸರಿಯಾದ ಟೈಮ್ ಬಾಗಿಲಿಗೆ ಬಂದರೂ ಅದು ಬಾಗಿಲು ತೆಗೆಯುವುದಿಲ್ಲ. ಜನ ‘ಆಟೋ ಆನ್ ಇದೆ, ಆದರೂ ಸರಿ ಇಲ್ಲ, ಇದೆಲ್ಲ ಕೆಲಸ ಮಾಡುವುದಿಲ್ಲ’ ಎನ್ನುತ್ತಾರೆ. ಅವರ ಕಣ್ಣಿಗೆ ಕಂಡದ್ದು ನಿಜವೇ.

ಹಾಗಾದರೆ ಆಮೇಲೆ ನಿಧಾನವಾಗಿ ಸರಿಯಾಗಲಿ, ಶುರುವಿನಲ್ಲೇ ಯಾಕೆ? ಗಡಿಯಾರ ಸರಿಮಾಡಲು ಎರಡು ದಾರಿ. ಒಂದು, ಒಮ್ಮೆಲೇ ಹಾರಿ ಸರಿಯಾದ ಟೈಮ್‌ಗೆ ಹೋಗುವುದು. ಇನ್ನೊಂದು, ಗಡಿಯಾರವನ್ನು ಚೂರೇ ಚೂರು ವೇಗ ಅಥವಾ ನಿಧಾನ ಮಾಡಿ ಮೆಲ್ಲಗೆ ಹತ್ತಿರ ತರುವುದು. ಮೆಲ್ಲಗೆ ಅಂದರೆ ತುಂಬಾ ಮೆಲ್ಲಗೆ. ಎನ್‌ಟಿಪಿಡಿ ಸೆಕೆಂಡಿಗೆ ಅರ್ಧ ಮಿಲಿಸೆಕೆಂಡಿಗಿಂತ ಜಾಸ್ತಿ ತಿದ್ದುವುದಿಲ್ಲ. ಒಂದು ಸೆಕೆಂಡ್ ಸರಿಯಾಗಲು 33 ನಿಮಿಷ, ಹತ್ತು ನಿಮಿಷ ಸರಿಯಾಗಲು ಎರಡು ವಾರ. ಹಾರಿದರೆ ಬೇಗ, ಆದರೆ ಪ್ರೋಗ್ರಾಂಗಳು ಓಡುತ್ತಿರುವಾಗ ಗಡಿಯಾರ ಹಿಂದಕ್ಕೆ ಹಾರಿದರೆ ಆಗಲೇ ಬರೆದ ಬಿಲ್‌ಗಿಂತ ಆಮೇಲೆ ಬರೆದ ಬಿಲ್‌ನ ಟೈಮ್ ಹಿಂದಿನದಾಗುತ್ತದೆ. ಡೇಟಾಬೇಸ್‌ಗಳಿಗೆ ಇದು ತೀರಾ ಕಷ್ಟದ ವಿಷಯ. ಬ್ಯಾಕಪ್ ಪ್ರೋಗ್ರಾಂ ಯಾವ ಫೈಲ್ ಹೊಸದು, ಯಾವುದು ಹಳೆಯದು ಎಂದು ನೋಡುವುದು ಟೈಮ್‌ನಿಂದಲೇ, ಅದಕ್ಕೂ ತಲೆ ಕೆಡುತ್ತದೆ. ಯಕ್ಷಗಾನದಲ್ಲಿ ಚೆಂಡೆ, ಮದ್ದಳೆಯ ಶ್ರುತಿ ಸೇರಿಸುವುದು ಪ್ರಸಂಗ ಶುರುವಾಗುವ ಮುಂಚೆ. ಆಟದ ನಡುವೆ ಬೇಕಾದರೆ ಸಣ್ಣಗೆ ಬಿಗಿ ಮಾಡಿಕೊಳ್ಳುತ್ತಾರೆ, ಅಷ್ಟೇ. ಕಂಪ್ಯೂಟರ್‌ಗೂ ಅದೇ ಕ್ರಮ ಸರಿ: ಆನ್ ಆದಾಗ ಒಂದು ಸಲ ಹಾರಿ ಸರಿಯಾಗಬೇಕು, ಆಮೇಲೆ ದಿನವಿಡೀ ಮೆಲ್ಲಗೆ ತಿದ್ದಿಕೊಳ್ಳುತ್ತಿರಬೇಕು. ಲಿನಕ್ಸ್‌ನಲ್ಲಿ ಈಗ ಬಳಸುವ ಕ್ರೋನಿ ಎಂಬ ಪ್ರೋಗ್ರಾಂನಲ್ಲಿ ಇದಕ್ಕೆಂದೇ ಒಂದು ಸಾಲು ಬರೆಯುವ ಪದ್ಧತಿ ಇದೆ, ಮೊದಲ ಮೂರು ಸಲ ಟೈಮ್ ಸಿಕ್ಕಾಗ ಒಂದು ಸೆಕೆಂಡಿಗಿಂತ ಜಾಸ್ತಿ ತಪ್ಪಿದ್ದರೆ ಹಾರು, ಆಮೇಲೆ ಹಾರಬೇಡ ಎಂದು. ಟೈಮ್ ಸರಿಯಾಗುವ ತನಕ ಉಳಿದ ಸೇವೆಗಳನ್ನು ಕಾಯಿಸುವ ವ್ಯವಸ್ಥೆಯೂ ಅಲ್ಲಿದೆ. ಸರ್ವರ್ ಇಟ್ಟುಕೊಂಡಿರುವ ಕಾಲೇಜು, ಆಸ್ಪತ್ರೆಗಳು ಇದನ್ನು ಮಾಡದಿದ್ದರೆ ನಾಳೆಯೇ ಮಾಡಿಸಬೇಕು.

ವಿಂಡೋಸ್ ಇರುವವರಿಗೆ ಏನು? ಮೊದಲು ಬ್ಯಾಟರಿ ಬದಲಿಸಿ, ತಾರೀಕು, ಟೈಮ್ ಒಮ್ಮೆ ನೋಡಿಕೊಂಡು ಕೈಯಿಂದ ಸರಿ ಮಾಡಿ, ಇಲ್ಲದಿದ್ದರೆ ಆ 15 ಗಂಟೆಯ ಬಾಗಿಲು ತೆರೆಯುವುದಿಲ್ಲ. ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೆ ನೀರಿನಲ್ಲಿ ಹೋಮ. ಮೂರರಿಂದ ಐದು ವರ್ಷಕ್ಕೊಮ್ಮೆ, ನಮ್ಮ ಹವೆಗೆ ಮೂರಕ್ಕೇ ಬದಲಿಸಿದರೆ ಒಳ್ಳೆಯದು. ಎರಡು ಚಹಾ, ಒಂದು ಪ್ಲೇಟ್ ಬನ್ಸ್‌ನ ದುಡ್ಡು. ತೆಗೆದ ಹಳೆಯ ಬ್ಯಾಟರಿಯನ್ನು ಮಕ್ಕಳ ಕೈಗೆ ಸಿಗುವ ಹಾಗೆ ಎಲ್ಲೂ ಇಡಬೇಡಿ, ನುಂಗಿದರೆ ಅನ್ನನಾಳ ಸುಟ್ಟು ಜೀವಕ್ಕೇ ಅಪಾಯ, ಇದನ್ನು ದಯವಿಟ್ಟು ಮರೆಯಬೇಡಿ. ಆಮೇಲೆ ಟೈಮ್ ಸೇವೆಯನ್ನು ‘ಮ್ಯಾನ್ಯುವಲ್’ನಿಂದ ‘ಆಟೋಮ್ಯಾಟಿಕ್’ ಮಾಡಿಸಿ. ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ, ಕಂಪ್ಯೂಟರ್ ಆನ್ ಆಗಿ ಎರಡು ಮೂರು ನಿಮಿಷದ ಮೇಲೆ ಇನ್ನೊಮ್ಮೆ ಟೈಮ್ ಕೇಳು ಎಂದು ಹಾಕಿಸಿ. ರೂಟರ್ ಮತ್ತು ಫೈಬರ್ ಬಾಕ್ಸ್‌ಗೆ ಒಂದು ಸಣ್ಣ ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು, ಕಂಪ್ಯೂಟರ್ ಏಳುವ ಹೊತ್ತಿಗೆ ಇಂಟರ್ನೆಟ್ ಕಾಯುತ್ತಿರುತ್ತದೆ. ಬಿಲ್ಲಿಂಗ್ ಪ್ರೋಗ್ರಾಂ ತಾನಾಗಿ ಓಪನ್ ಆಗುವ ಹಾಗೆ ಇಟ್ಟಿದ್ದರೆ ಅದನ್ನು ತೆಗೆಸಿ, ಟೈಮ್ ನೋಡಿಕೊಂಡು ಕೈಯಿಂದ ಓಪನ್ ಮಾಡಿ. ಗೊತ್ತಿರುವವರಿಗೆ ಇದೆಲ್ಲ ಸೇರಿ ಕಾಲು ಗಂಟೆಯ ಕೆಲಸ. ವರ್ಷದ ಎಎಂಸಿ, ಅಂದರೆ ರಿಪೇರಿ ಒಪ್ಪಂದ ಕೊಡುವವರು ಇದನ್ನು ಹೇಳಿ ಮಾಡಿಸಿಕೊಳ್ಳಬೇಕು, ನನ್ನ ಹಾಗೆ ಎಎಂಸಿ ತೆಗೆದುಕೊಳ್ಳುವವರು ಕೇಳದೆಯೇ ಮಾಡಿಕೊಡಬೇಕು.

ಈಗ ಇನ್ನೊಂದು ವಿಷಯ, ನಾನು ದಿನವೂ ನೋಡುವಂಥದ್ದು. ‘ಆಟೋ ಇಟ್ಟರೆ ಟೈಮ್ ತಪ್ಪಾಗುತ್ತದೆ, ಅದಕ್ಕೆ ಆಫ್ ಮಾಡಿದ್ದೇವೆ’ ಎನ್ನುತ್ತಾರೆ. ಮಾರಾಯ್ರೆ, ತಪ್ಪು ಆಟೋದ್ದಲ್ಲ, ಟೈಮ್ ಝೋನ್‌ನದ್ದು. ಹೊಸದಾಗಿ ವಿಂಡೋಸ್ ಹಾಕುವಾಗ ನೋಡದೆ ಬಿಟ್ಟರೆ ಝೋನ್ ಅಮೆರಿಕದ ಪಶ್ಚಿಮ ಕರಾವಳಿಯದ್ದೇ ಉಳಿಯುವುದುಂಟು. ಚಳಿಗಾಲದಲ್ಲಿ ನಮಗೂ ಅವರಿಗೂ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಟೈಮ್ ತಪ್ಪು ಕಂಡ ಕೂಡಲೇ ನಮ್ಮವರು ಝೋನ್ ಮುಟ್ಟುವುದಿಲ್ಲ, ಮುಳ್ಳು ತಿರುಗಿಸುತ್ತಾರೆ. ಕಣ್ಣಿಗೆ ಸರಿ ಕಾಣುತ್ತದೆ, ಒಳಗೆ ತಪ್ಪಾಗಿರುತ್ತದೆ. ನೆಟ್‌ವರ್ಕ್‌ನಿಂದ ಬರುವುದು ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಟೈಮ್, ಅದಕ್ಕೆ ಐದೂವರೆ ಗಂಟೆ ಕೂಡಿಸುವುದು ನಮ್ಮ ಕಂಪ್ಯೂಟರ್‌ನ ಝೋನ್ ಸೆಟ್ಟಿಂಗ್. ಝೋನ್ ತಪ್ಪಿದ್ದರೆ ಸರಿಯಾದ ಟೈಮ್ ಬಂದಾಗಲೆಲ್ಲ ಪರದೆಯ ಮೇಲೆ ಮತ್ತೆ ತಪ್ಪು ಕಾಣುತ್ತದೆ. ಆಗ ಸಿಟ್ಟು ಬಂದು ಆಟೋ ಆಫ್. ಆ ಕಂಪ್ಯೂಟರ್ ಅಲ್ಲಿಂದ ಮುಂದೆ ತನ್ನಷ್ಟಕ್ಕೆ ಬಿಟ್ಟ ಹಾಗೆ. ಮೊದಲು ಝೋನ್‌ನಲ್ಲಿ ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂದಿರುವ ಸಾಲನ್ನು ಆರಿಸಿ, ಆಮೇಲೆ ಆಟೋ ಆನ್ ಮಾಡಿ.

ಮಣಿಪಾಲ, ನಿಟ್ಟೆ, ಸುರತ್ಕಲ್ ಕಡೆಯ ಇಂಜಿನಿಯರಿಂಗ್ ಮಕ್ಕಳು ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಂಡಿರುತ್ತಾರೆ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಬಂದರೆ ಟೈಮ್ ಸರಿಯಾಗಿ ಐದೂವರೆ ಗಂಟೆ ಹಿಂದೆ. ಒಳಗಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮೂರ ಟೈಮ್ ಎಂದು ಓದುತ್ತದೆ. ಎರಡರಲ್ಲಿ ಒಂದಕ್ಕೆ ಇನ್ನೊಂದರ ಕ್ರಮ ಹೇಳಿಕೊಟ್ಟರೆ ಮುಗಿಯಿತು. ಐದೂವರೆ ಗಂಟೆಯ ವ್ಯತ್ಯಾಸ ಎಲ್ಲಿ ಕಂಡರೂ ಬ್ಯಾಟರಿ ಬದಲಿಸಬೇಡಿ, ಇದನ್ನು ನೋಡಿ.

ಸಿಸಿ ಕ್ಯಾಮೆರಾದ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಬೇಸರ ಆಗುವುದು ಇಲ್ಲೇ. ಈಗ ಗೂಡಂಗಡಿಯಿಂದ ಹಿಡಿದು ದೇವಸ್ಥಾನದ ತನಕ ಕ್ಯಾಮೆರಾ ಇದೆ. ಅದರ ವಿಡಿಯೋ ತುಂಬಿಡುವ ಡಿವಿಆರ್ ಬಾಕ್ಸ್ ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತಿರುತ್ತದೆ, ಅದರ ಟೈಮ್ ಯಾರೂ ನೋಡುವುದಿಲ್ಲ. ಅಂಗಡಿಯಲ್ಲಿ ಕಳ್ಳತನ ಆಯಿತು ಎನ್ನಿ. ರಾತ್ರಿ ಎರಡರಿಂದ ಮೂರರ ವಿಡಿಯೋ ಹುಡುಕಿದರೆ ಖಾಲಿ. ವಿಡಿಯೋ ಇದೆ, ಹಾರ್ಡ್ ಡಿಸ್ಕ್ ಒಳಗೇ ಇದೆ, ಆದರೆ ಯಾವುದೋ ಹಳೆಯ ವರ್ಷದ ತಾರೀಕಿನಡಿ ಕೂತಿದೆ. ಹುಡುಕಲು ಗೊತ್ತಿಲ್ಲದವರು ‘ರೆಕಾರ್ಡ್ ಆಗಿಲ್ಲ’ ಎಂದು ಬಿಟ್ಟುಬಿಡುತ್ತಾರೆ, ಅಷ್ಟರಲ್ಲಿ ಅದರ ಮೇಲೆ ಹೊಸ ವಿಡಿಯೋ ಬರೆದು ಹೋಗುತ್ತದೆ.

ತಪ್ಪು ಸಣ್ಣದಿದ್ದರೆ ಇನ್ನೂ ಅಪಾಯ. ಹಳೆಯ ವರ್ಷ ತೋರಿಸಿದರೆ ಯಾರಿಗಾದರೂ ಗೊತ್ತಾಗುತ್ತದೆ, ಹನ್ನೆರಡು ನಿಮಿಷ ಮುಂದಿದ್ದರೆ ಗೊತ್ತಾಗುವುದಿಲ್ಲ. ಒಂದು ಅಂಗಡಿಯ ಕ್ಯಾಮೆರಾದಲ್ಲಿ ಬೈಕ್ ಹೋದದ್ದು 9.10ಕ್ಕೆ, ಎದುರು ಪೆಟ್ರೋಲ್ ಪಂಪ್‌ನಲ್ಲಿ 8.58ಕ್ಕೆ. ಇದು ಒಂದೇ ಬೈಕಾ, ಎರಡಾ? ಮೊಬೈಲ್ ಕರೆಯ ದಾಖಲೆ, ಎಟಿಎಂ ದಾಖಲೆಗಳ ಜೊತೆ ಇದನ್ನು ಹೊಂದಿಸುವುದು ಹೇಗೆ? ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 63ನೇ ಸೆಕ್ಷನ್ ಪ್ರಕಾರ ಇಂಥ ವಿಡಿಯೋ ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರವೂ ಬೇಕು. ಪ್ರಮಾಣಪತ್ರ ಕೊಟ್ಟ ಮೇಲೆ ಎದುರು ಪಕ್ಷದ ವಕೀಲರು ‘ಈ ಗಡಿಯಾರ ಸರಿ ಇತ್ತೇ’ ಎಂದು ಕೇಳದೇ ಬಿಡುತ್ತಾರಾ? ತಪ್ಪಿಲ್ಲದವನು ಸಿಕ್ಕಿಬೀಳಬಹುದು, ತಪ್ಪು ಮಾಡಿದವನು ಜಾರಬಹುದು. ಡಿವಿಆರ್ ಮೆನುವಿನಲ್ಲಿ ಎನ್‌ಟಿಪಿ ಎಂದು ಒಂದು ಜಾಗ ಇರುತ್ತದೆ, ನೆಟ್‌ವರ್ಕ್‌ನಿಂದ ಟೈಮ್ ತರುವ ಕ್ರಮದ ಹೆಸರು ಅದು. ಅದನ್ನು ಆನ್ ಮಾಡಿ, ಝೋನ್ 5.30 ಎಂದು ಹಾಕಿ, ಗಂಟೆಗೊಮ್ಮೆ ಕೇಳು ಎಂದು ಇಟ್ಟರೆ ಆಯಿತು. ಡಿವಿಆರ್‌ಗೆ ಇಂಟರ್ನೆಟ್ ಕೊಡಲು ಭಯ ಇರುವವರು, ಆ ಭಯ ಸರಿಯಾದದ್ದೇ, ಒಳಗಿನ ಒಂದು ಕಂಪ್ಯೂಟರ್ ಅಥವಾ ಒಳ್ಳೆಯ ರೂಟರ್ ಹೊರಗಿನಿಂದ ಟೈಮ್ ತಂದು ಕ್ಯಾಮೆರಾಗಳಿಗೆ ಹಂಚುವ ಹಾಗೆ ಮಾಡಬಹುದು.

ಈ ಎನ್‌ಟಿಪಿ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಂಡರೆ ಅದರ ಮೇಲೆ ಪ್ರೀತಿಯೇ ಬರುತ್ತದೆ. ಟೈಮ್ ಕೇಳಿ ಉತ್ತರ ಬರುವಷ್ಟರಲ್ಲೇ ಟೈಮ್ ಮುಂದೆ ಹೋಗಿರುತ್ತದಲ್ಲ, ಅದನ್ನು ಲೆಕ್ಕ ಹಾಕುವುದು ಹೇಗೆ? ನಮ್ಮ ಕಂಪ್ಯೂಟರ್ ಕೇಳಿದ ಹೊತ್ತನ್ನು ಬರೆದುಕೊಳ್ಳುತ್ತದೆ. ಸರ್ವರ್ ತನಗೆ ಪ್ರಶ್ನೆ ಮುಟ್ಟಿದ ಹೊತ್ತು, ಉತ್ತರ ಬಿಟ್ಟ ಹೊತ್ತು ಎರಡನ್ನೂ ಬರೆದು ಕಳಿಸುತ್ತದೆ. ಉತ್ತರ ಬಂದ ಹೊತ್ತು ನಾಲ್ಕನೆಯದು. ಈ ನಾಲ್ಕರಿಂದ ದಾರಿಯಲ್ಲಿ ಕಳೆದದ್ದು ಎಷ್ಟು ಎಂದು ಸಿಗುತ್ತದೆ, ಹೋಗಲು ಅರ್ಧ, ಬರಲು ಅರ್ಧ ಎಂದು ಹಿಡಿದು ತಪ್ಪನ್ನು ಲೆಕ್ಕ ಹಾಕುತ್ತದೆ. ಕಳಿಸುವ ಸಂದೇಶ ಬರೀ 48 ಬೈಟ್, ಈ ಸಾಲಿಗಿಂತ ಚಿಕ್ಕದು. ಇಷ್ಟರಿಂದ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲೂ ಸೆಕೆಂಡಿನ ಸಣ್ಣ ಪಾಲಿನೊಳಗೆ ಟೈಮ್ ಸರಿಯಾಗುತ್ತದೆ. ಇದನ್ನು ಕಟ್ಟಿದವರು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್. 1985ರಲ್ಲಿ ಇದರ ಮೊದಲ ದಾಖಲೆ ಬಂತು. ಹುಟ್ಟಿನಿಂದಲೇ ಅವರಿಗೆ ಕಣ್ಣಿನ ತೊಂದರೆ, ಕೊನೆಗೆ ದೃಷ್ಟಿ ಪೂರ್ತಿ ಹೋಯಿತು. 2024ರ ಜನವರಿ 17ರಂದು ತೀರಿಕೊಂಡರು. ಅವರ ಕೆಲಸವನ್ನು ನಾವೆಲ್ಲ ದಿನವೂ ಬಳಸುತ್ತೇವೆ, ಹೆಸರು ಕೇಳಿದವರು ತುಂಬಾ ಕಡಿಮೆ.

ನಮ್ಮ ದೇಶದ ಟೈಮ್ ಇರುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ, ಎನ್‌ಪಿಎಲ್ ಎನ್ನುತ್ತಾರೆ, ಅಲ್ಲಿನ ಪರಮಾಣು ಗಡಿಯಾರಗಳಲ್ಲಿ. ಅವರ ಎನ್‌ಟಿಪಿ ಸರ್ವರ್ ಇದೆ. ಸರ್ಕಾರದ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಎನ್‌ಐಸಿಯವರದ್ದು ‘ಸಮಯ್-1’, ‘ಸಮಯ್-2’ ಎಂಬ ಸರ್ವರ್‌ಗಳಿವೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತೆಯ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಲ್ಲಿ ಸರ್ಕಾರಿ ಸಂಸ್ಥೆಗಳು, ಡೇಟಾ ಸೆಂಟರ್‌ಗಳು, ಕಂಪನಿಗಳು ಈ ಸರ್ವರ್‌ಗಳಿಗೆ ಅಥವಾ ಇವುಗಳಿಗೆ ಹೊಂದಿಕೊಂಡ ಬೇರೆ ಸರ್ವರ್‌ಗಳಿಗೆ ತಮ್ಮ ಗಡಿಯಾರ ಜೋಡಿಸಬೇಕು ಎಂದಿದೆ. 2025ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಭಾರತೀಯ ಪ್ರಮಾಣಿತ ಸಮಯದ ಬಗ್ಗೆ ಕರಡು ನಿಯಮಗಳನ್ನೂ ಜನರ ಮುಂದಿಟ್ಟಿತು. ಬೆಂಗಳೂರು ಸೇರಿ ಐದು ಕಡೆಯ ಪ್ರಯೋಗಾಲಯಗಳಿಂದ ಟೈಮ್ ಹಂಚುವ ಯೋಜನೆ ಇದೆ. ದೆಹಲಿಯಿಂದ ಬೆಂಗಳೂರಿನ ತನಕ ಪರಮಾಣು ಗಡಿಯಾರದ ಟೈಮ್ ಬರುತ್ತದೆ, ಅಲ್ಲಿಂದ ನಮ್ಮ ಘಟ್ಟ ಇಳಿದು ಕಾರ್ಕಳದ ಸೊಸೈಟಿಗೆ ಬರುವುದು ಒಂದು ಸೆಟ್ಟಿಂಗ್‌ನಿಂದಾಗಿ ನಿಂತಿರಬಾರದು. ಮಲ್ಪೆಯಿಂದ ಕಡಲಿಗೆ ಹೋಗುವ ಬೋಟ್‌ನ ಜಿಪಿಎಸ್ ಕೂಡ ಉಪಗ್ರಹದಿಂದ ನಿಖರ ಟೈಮ್ ಪಡೆಯುತ್ತದೆ. ದಡದ ಮೇಲಿನ ಐಸ್ ಪ್ಲಾಂಟ್‌ನ ಬಿಲ್ಲಿಂಗ್ ಕಂಪ್ಯೂಟರ್ ತಪ್ಪು ಟೈಮ್‌ನಲ್ಲಿ ಓಡಬೇಕಾ?

ಶಾಲೆಗಳ ಬಗ್ಗೆ ಹೇಳಿ ಮುಗಿಸುತ್ತೇನೆ. ಜೂನ್ ಮೊದಲ ವಾರ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ‘ಸರ್, ಲ್ಯಾಬ್‌ನಲ್ಲಿ ಇಂಟರ್ನೆಟ್ ಬರ್ತಾ ಇಲ್ಲ’ ಎಂದು. ಇಂಟರ್ನೆಟ್ ಚೆನ್ನಾಗೇ ಇರುತ್ತದೆ. ಪ್ರತಿ ವೆಬ್‌ಸೈಟ್‌ಗೆ ಒಂದು ಸರ್ಟಿಫಿಕೇಟ್ ಇರುತ್ತದೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದ ತನಕ ಎಂಬ ಅವಧಿ. ಕಂಪ್ಯೂಟರ್‌ನ ತಾರೀಕು ಹಿಂದಿದ್ದರೆ ಬ್ರೌಸರ್‌ಗೆ ಆ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ ಎಂದು ಕಾಣುತ್ತದೆ. ಒಳಗೆ ಬಿಡುವುದಿಲ್ಲ. ‘ನಿಮ್ಮ ಗಡಿಯಾರ ಹಿಂದಿದೆ’ ಎಂದು ಅದು ಬರೆದು ತೋರಿಸುತ್ತದೆ, ಯಾರೂ ಓದುವುದಿಲ್ಲ. ಕೆಲವರು ‘ಮುಂದುವರಿಯಿರಿ’ ಎಂಬುದನ್ನು ಒತ್ತಿ ಒಳಗೆ ಹೋಗುವುದನ್ನು ಮಕ್ಕಳಿಗೆ ಕಲಿಸಿಬಿಡುತ್ತಾರೆ. ಇದು ನಿಜಕ್ಕೂ ಕೆಟ್ಟ ಅಭ್ಯಾಸ, ನಾಳೆ ಬ್ಯಾಂಕಿನ ನಕಲಿ ವೆಬ್‌ಸೈಟ್ ಬಂದರೂ ಆ ಮಗು ಅದನ್ನೇ ಒತ್ತುತ್ತದೆ.

ಆದ್ದರಿಂದ ಎರಡೂ ಜಿಲ್ಲೆಗಳ ಶಿಕ್ಷಣ ಇಲಾಖೆಯವರಲ್ಲಿ, ಶಾಲಾ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇದು. ಲ್ಯಾಬ್ ತೆರೆಯುವ ಮುಂಚಿನ ವಾರದಲ್ಲಿ ಎಲ್ಲ ಕಂಪ್ಯೂಟರ್‌ಗಳನ್ನು ಒಮ್ಮೆ ಆನ್ ಮಾಡಿಸಿ, ತಾರೀಕು ಹಿಂದೆ ಹೋದವುಗಳ ಬ್ಯಾಟರಿ ಬದಲಿಸಿ, ತಾರೀಕು ಒಮ್ಮೆ ಸರಿ ಮಾಡಿ, ಝೋನ್ ನೋಡಿ, ಆನ್ ಆದ ಕೂಡಲೇ ಟೈಮ್ ಕೇಳುವ ಹಾಗೆ ಮಾಡಿಸಿ. ಕೆಲವು ಕಾಲೇಜು, ಕಚೇರಿಗಳ ನೆಟ್‌ವರ್ಕ್ ಕಾಯುವ ಫೈರ್‌ವಾಲ್‌ನಲ್ಲಿ 123ನೇ ಪೋರ್ಟ್ ಎಂಬ ದಾರಿ ಮುಚ್ಚಿರುತ್ತಾರೆ, ಎನ್‌ಟಿಪಿ ಹೋಗಿ ಬರುವುದು ಅದರಲ್ಲೇ. ನೆಟ್‌ವರ್ಕ್ ನೋಡಿಕೊಳ್ಳುವವರು ಅದನ್ನು ಪೂರ್ತಿ ತೆರೆಯಲು ಒಪ್ಪದಿದ್ದರೆ ಒಳಗೇ ಒಂದು ಟೈಮ್ ಸರ್ವರ್ ಇಟ್ಟು, ಅದೊಂದಕ್ಕೆ ಮಾತ್ರ ಹೊರಗಿನ ದಾರಿ ಬಿಡಲಿ. ನಮ್ಮ ಸುತ್ತಮುತ್ತಲಿನ ಶಾಲೆಯವರಿಗೆ ಇದರಲ್ಲಿ ಸಹಾಯ ಬೇಕಿದ್ದರೆ ಮಣಿಪಾಲ, ಸುರತ್ಕಲ್ ಕಾಲೇಜುಗಳ ಕಂಪ್ಯೂಟರ್ ವಿಭಾಗದ ಮಕ್ಕಳನ್ನು ಒಂದು ಶನಿವಾರಕ್ಕೆ ಕಳಿಸಿಕೊಡುವಂತೆ ಅಲ್ಲಿನ ಅಧ್ಯಾಪಕರನ್ನು ಕೇಳಿ ನೋಡಬಹುದು. ಮಕ್ಕಳಿಗೂ ಕಲಿತ ಹಾಗೆ ಆಗುತ್ತದೆ, ಲ್ಯಾಬ್‌ನ ಕೆಲಸವೂ ಆಗುತ್ತದೆ.

ಇತಿ,
ಕಂಪ್ಯೂಟರ್ ರಿಪೇರಿ ಕೆಲಸದ ಒಬ್ಬ ಓದುಗ,
ಉಡುಪಿ